ನಿಮ್ಮ ಗ್ಲಾಸಲ್ಲಿ ಇರೋದು ವಿಸ್ಕಿನಾ, ಕಾಕಂಬಿನಾ?

ನಾವು ಐದು ಜನ. ಹಾಸನದವರು ಇಬ್ಬರು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ಒಬ್ಬೊಬ್ಬರು. ಇಂಜಿನಿಯರಿಂಗ್ ಓದುವಾಗ ಆದ ಗೆಳೆತನ. ಎರಡು ತಿಂಗಳಿಗೊಮ್ಮೆ ಹಾಸನದಲ್ಲಿ ಒಬ್ಬನ ಮನೆ ತಾರಸಿ ಮೇಲೆ ಸೇರ್ತೀವಿ. ಪ್ರತಿಯೊಬ್ಬನೂ ತಾನು ಈಗ ಕುಡೀತಿರೋ ವಿಸ್ಕಿ ತರಬೇಕು, ಅದರಲ್ಲಿ ಏನು ಸಿಕ್ತು ಅಂತ ಹೇಳಬೇಕು. ರಾತ್ರಿ ಯಾರೂ ಗಾಡಿ ಮುಟ್ಟಂಗಿಲ್ಲ, ಅಲ್ಲೇ ಚಾಪೆ ಹಾಸಿ ಮಲಗೋದು. ರೂಲ್ಸ್ ಇಷ್ಟೇ.

ಕಳೆದ ಸಲ ಒಬ್ಬ ಅಮೃತ್ ಫ್ಯೂಷನ್ ತಂದಿದ್ದ, ನಾನು ಪಾಲ್ ಜಾನ್ ಎಡಿಟೆಡ್ ಒಯ್ದಿದ್ದೆ. ಚನ್ನರಾಯಪಟ್ಟಣದವನು ಚೀಲದಿಂದ ತೆಗೆದಿದ್ದು ಒರಿಜಿನಲ್ ಚಾಯ್ಸ್ ಟೆಟ್ರಾ ಪ್ಯಾಕು, 90 ಎಂಎಲ್‌ದು. ‘ನಮ್ಮೂರಲ್ಲಿ ಜನ ಕುಡಿಯೋದು ಇದು ಮಗಾ. ಇದಕ್ಕೂ ಒಂದು ಟೇಸ್ಟಿಂಗ್ ನೋಟ್ ಬರೀರಪ್ಪ, ನೋಡೋಣ’ ಅಂದ. ನಕ್ಕೆವು. ಆಮೇಲೆ ಗ್ಲಾಸಿಗೆ ಹಾಕಿ ಮೂಗು ಹತ್ತಿರ ಹಿಡಿದರೆ ಯಾರಿಗೂ ಮಾತು ಬರಲಿಲ್ಲ. ‘ಸ್ಪಿರಿಟ್ ವಾಸನೆ’ ಅನ್ನೋದನ್ನ ಬಿಟ್ಟು ಹೇಳೋಕೆ ಏನೂ ಇರಲಿಲ್ಲ.

ತಮಾಷೆ ಅಂದರೆ ನಾನು ಒಯ್ದ ಪಾಲ್ ಜಾನ್, ಅವನು ತಂದ ಒರಿಜಿನಲ್ ಚಾಯ್ಸ್ ಎರಡೂ ಒಂದೇ ಕಂಪನಿಯವು: ಬೆಂಗಳೂರಿನ ಜಾನ್ ಡಿಸ್ಟಿಲರೀಸ್. ಎರಡರ ಮೇಲೂ ‘ವಿಸ್ಕಿ’ ಅಂತಲೇ ಇದೆ. ಒಂದೇ ಪದ ಇಷ್ಟು ದೂರದ ಎರಡು ವಸ್ತುಗಳಿಗೆ ಹೇಗೆ ಅಂಟಿಕೊಂಡಿತು, ಅದರಿಂದ ಯಾರ ಜೇಬಿಗೆ ಏನಾಗುತ್ತೆ ಅನ್ನೋದು ಈ ಬರಹದ ವಿಷಯ.

ಹೆಸರೊಂದು, ಮೂಲ ಎರಡು

ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಅನ್ನೋಕೆ ಕಾನೂನಿದೆ. ಧಾನ್ಯದಿಂದಲೇ ಭಟ್ಟಿ ಇಳಿಸಬೇಕು, 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು, ಬಾಟಲಿಗೆ ಬರುವಾಗ ಕನಿಷ್ಠ 40% ಆಲ್ಕೋಹಾಲ್ ಇರಬೇಕು. ಯುರೋಪಿಯನ್ ಒಕ್ಕೂಟದ್ದೂ ಹೆಚ್ಚುಕಮ್ಮಿ ಇದೇ ವ್ಯಾಖ್ಯೆ.

ನಮ್ಮಲ್ಲಿ ಹಾಗಲ್ಲ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯೋ ಕಪ್ಪು ಮಂದ ದ್ರವ ಕಾಕಂಬಿ. ಅದನ್ನ ಹುದುಗಿಸಿ, ಎತ್ತರದ ಕಾಲಂಗಳಲ್ಲಿ ಮತ್ತೆ ಮತ್ತೆ ಭಟ್ಟಿ ಇಳಿಸಿದರೆ ಸುಮಾರು 96% ಶುದ್ಧತೆಯ, ರುಚಿ-ವಾಸನೆ ಇಲ್ಲದ ಸ್ಪಿರಿಟ್ ಸಿಗುತ್ತೆ. ಇದೇ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್, ಉದ್ಯಮದವರ ಬಾಯಲ್ಲಿ ಇಎನ್‌ಎ. ಇದಕ್ಕೆ ನೀರು, ಬಣ್ಣಕ್ಕೆ ಕ್ಯಾರಮೆಲ್, ರುಚಿಗೆ ಫ್ಲೇವರ್, ದರ್ಜೆ ಸ್ವಲ್ಪ ಮೇಲಿನದಾದರೆ ಒಂದಿಷ್ಟು ಮಾಲ್ಟ್ ಸ್ಪಿರಿಟ್. ದೇಶದಲ್ಲಿ ಮಾರಾಟವಾಗೋ ಅಗ್ಗದ ವಿಸ್ಕಿಯ ಕತೆ ಸ್ಥೂಲವಾಗಿ ಇದು. ಈಚೆಗೆ ಅಕ್ಕಿ, ಜೋಳದ ಸ್ಪಿರಿಟ್ಟೂ ಬಳಕೆಯಲ್ಲಿದೆ. ರುಚಿಯನ್ನೆಲ್ಲ ತೆಗೆದು ಹಾಕೋದೇ ಇಎನ್‌ಎ ಮಾಡುವ ಉದ್ದೇಶ ಆದ್ದರಿಂದ ನಮ್ಮ ತಾರಸಿ ಸಭೆ ಮೂಕವಾಗಿದ್ದು ಆಶ್ಚರ್ಯ ಅಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಹೇಮಾವತಿ ಸಕ್ಕರೆ ಕಾರ್ಖಾನೆ ಪಕ್ಕ ಹಾದುಹೋದವರಿಗೆ ಕಾಕಂಬಿ ವಾಸನೆ ಪರಿಚಯ ಇರುತ್ತೆ. ಇಎನ್‌ಎ ಆಗೋ ಹೊತ್ತಿಗೆ ಆ ವಾಸನೆಯೂ ಇರಲ್ಲ.

ಇದು ಅಕ್ರಮ ಅಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯ ನಿಯಮಗಳು (2019ರ ಏಪ್ರಿಲ್‌ನಿಂದ ಜಾರಿ) ಮಾಲ್ಟ್ ಮತ್ತು ಸಿಂಗಲ್ ಮಾಲ್ಟ್‌ಗೆ ಬೇರೆ ವ್ಯಾಖ್ಯೆ ಕೊಟ್ಟಿವೆ. ಬರೀ ‘ವಿಸ್ಕಿ’ ಅಂತ ಬರೆಯೋಕೆ ನ್ಯೂಟ್ರಲ್ ಸ್ಪಿರಿಟ್ ಸಾಕು. ಹಾಗಾಗಿ ಬಾಟಲಿ ಕೈಗೆ ಬಂದರೆ ಮುಂಭಾಗದ ಕುದುರೆ, ಕಿರೀಟ, ಚಿನ್ನದ ಅಕ್ಷರ ಬಿಡಿ. ‘ಸಿಂಗಲ್ ಮಾಲ್ಟ್’ ಅಂತಿದೆಯಾ ನೋಡಿ. ಇದ್ದರೆ ಅದು ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಆದದ್ದು.

ಲೇಬಲ್ ಮೇಲಿನ 42.8% ಅನ್ನೋ ವಿಚಿತ್ರ ಸಂಖ್ಯೆಗೂ ಕಾರಣ ಇದೆ. ಬ್ರಿಟಿಷರ ಹಳೇ ಲೆಕ್ಕದಲ್ಲಿ 100 ಪ್ರೂಫ್ ಅಂದರೆ 57.1% ಆಲ್ಕೋಹಾಲ್. ಅದರ ಮುಕ್ಕಾಲು ಭಾಗ 42.8. ಅವರು ಹೋದರು, ಲೆಕ್ಕ ಉಳೀತು.

ಕಂಬೀಪುರದ ಕತೆ

ಅಮೃತ್ ಡಿಸ್ಟಿಲರೀಸ್ ಶುರುವಾಗಿದ್ದು 1948ರಲ್ಲಿ, ಜೆ.ಎನ್. ರಾಧಾಕೃಷ್ಣ ಜಗದಾಳೆ ಅವರಿಂದ. ಮೊದಲ ದಶಕಗಳ ಹೆಸರುವಾಸಿ ಸರಕು ಸಿಲ್ವರ್ ಕಪ್ ಬ್ರಾಂದಿ. ಅವರ ಮಗ ನೀಲಕಂಠ ಜಗದಾಳೆ ಕಾಲದಲ್ಲಿ, 80ರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ಸ್ಪಿರಿಟ್ ಮಾಡೋದು ಶುರುವಾಯ್ತು, ಅದೂ ಬೇರೆ ವಿಸ್ಕಿಗೆ ಬೆರೆಸೋಕೆ. ಅದನ್ನೇ ಸಿಂಗಲ್ ಮಾಲ್ಟ್ ಆಗಿ ಮಾರಬಹುದಾ ಅನ್ನೋ ಪ್ರಶ್ನೆ ಗಟ್ಟಿಯಾಗಿದ್ದು ಮೂರನೇ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುವಾಗ. 2004ರ ಆಗಸ್ಟ್‌ನಲ್ಲಿ ಅದನ್ನ ಬಿಡುಗಡೆ ಮಾಡಿದ್ದು ಸ್ಕಾಚ್‌ನವರ ಅಂಗಳದಲ್ಲೇ, ಗ್ಲಾಸ್ಗೋದಲ್ಲಿ. 2010ರ ವಿಸ್ಕಿ ಬೈಬಲ್‌ನಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯದು ಅಂದರು. ನಮ್ಮ ಬೆಂಗಳೂರಿನ ಅಂಗಡಿಗಳಿಗೆ ಅಮೃತ್ ಸಿಂಗಲ್ ಮಾಲ್ಟ್ ಬಂದಿದ್ದು ಆ ಹೊತ್ತಿಗೆ. ಹೊರಗಿನವರು ಭೇಷ್ ಅನ್ನೋ ತನಕ ಮನೆಯ ಮಾಲಿಗೆ ಬೆಲೆ ಇಲ್ಲ ಅನ್ನೋದು ಇಲ್ಲೂ ನಿಜವಾಯ್ತು.

ಮೈಸೂರು ರಸ್ತೆಯ ಕಂಬೀಪುರದ ಆ ಉಗ್ರಾಣದಲ್ಲಿ ನಡೆಯೋ ಭೌತಶಾಸ್ತ್ರ ನನಗೆ ಇಷ್ಟ. ಪೀಪಾಯಿಯಲ್ಲಿರೋ ವಿಸ್ಕಿ ಪ್ರತಿ ವರ್ಷ ಸ್ವಲ್ಪ ಆವಿಯಾಗುತ್ತೆ. ಸ್ಕಾಟ್‌ಗಳು ಅದನ್ನ ದೇವತೆಗಳ ಪಾಲು ಅಂತಾರೆ. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಿನಲ್ಲಿ 10%ಕ್ಕೂ ಮೇಲೆ. ಕ್ಯಾಲ್ಕುಲೇಟರ್ ತಗೊಳ್ಳಿ: 200 ಲೀಟರ್ ತುಂಬಿಸಿ 12 ವರ್ಷ ಬಿಟ್ಟರೆ ಅಲ್ಲಿ ಉಳಿಯೋದು ಹತ್ತಿರ ಹತ್ತಿರ 157 ಲೀಟರ್. ಇಲ್ಲಿ 10% ಅಂತ ಹಿಡಿದರೂ 56. ಐದು ವರ್ಷಕ್ಕೇ 118ಕ್ಕೆ ಇಳಿಯುತ್ತೆ. ಆದರೆ ಅದೇ ಸೆಕೆಗೆ ಸ್ಪಿರಿಟ್ ಮರದೊಳಗೆ ಹೋಗಿ ಬರೋದೂ ಜಾಸ್ತಿ, ಬಣ್ಣ-ರುಚಿ ಬೇಗ ಇಳಿಯುತ್ತೆ. ಅದಕ್ಕೇ ನಮ್ಮ ಮಾಲ್ಟ್ ಬಾಟಲಿಗಳ ಮೇಲೆ ‘12 ವರ್ಷ’, ‘18 ವರ್ಷ’ ಅನ್ನೋ ದೊಡ್ಡ ಅಂಕಿ ಸಾಮಾನ್ಯವಾಗಿ ಇರಲ್ಲ. 8 ವರ್ಷ ಇಟ್ಟು 2013ರಲ್ಲಿ ತಂದ ಒಂದು ಬಾಟಲಿಗೆ ಅಮೃತ್‌ನವರು ಇಟ್ಟ ಹೆಸರೇ ‘ಗ್ರೀಡಿ ಏಂಜಲ್ಸ್’, ದುರಾಸೆಯ ದೇವತೆಗಳು. ಡ್ಯೂಟಿ ಫ್ರೀಯಿಂದ ಯಾರೋ ತಂದ ವಯಸ್ಸಾದ ಸ್ಕಾಚ್ ಹಿಡಿದು ‘ನಿಂದಕ್ಕೆ ಎಷ್ಟು ವರ್ಷ?’ ಅಂತ ಕೇಳೋ ಮಾವಂದಿರಿಗೆ ಇದನ್ನ ಹೇಳಿ.

ನಮ್ಮ ಮೂಗಿಗೆ ನಮ್ಮ ಮಾತು

ಟೇಸ್ಟಿಂಗ್ ನೋಟ್ ಅಂದರೆ ಹೆದರುವಂಥದ್ದೇನಲ್ಲ. ಈ ವಾಸನೆ ನನಗೆ ಏನನ್ನ ನೆನಪಿಸುತ್ತೆ ಅಂತ ಹೇಳೋದು, ಅಷ್ಟೇ. ಸಮಸ್ಯೆ ಏನಂದರೆ ನಾವು ಓದಿದ ಪದಗಳೆಲ್ಲ ಬೇರೆಯವರ ಅಡುಗೆಮನೆಯವು. ಹೆದರ್ ಹೂವು, ಬಟರ್‌ಸ್ಕಾಚ್, ಕ್ರಿಸ್‌ಮಸ್ ಕೇಕ್. ಹೆದರ್ ಹೂವನ್ನ ನಮ್ಮಲ್ಲಿ ಯಾರೂ ಮೂಸಿ ನೋಡಿಲ್ಲ. ಆದ್ದರಿಂದ ನಾವು ಒಂದು ಪಣ ತೊಟ್ಟೆವು: ಹಾಸನ ಜಿಲ್ಲೆಯೊಳಗೆ ಸಿಗದ ವಾಸನೆ ಹೆಸರು ಹೇಳಂಗಿಲ್ಲ.

ಚನ್ನರಾಯಪಟ್ಟಣದವನು ಮೊದಲ ಗುಟುಕಿಗೇ ‘ಕೊಬ್ಬರಿ’ ಅಂದ. ತೆಂಗಿನ ಸೀಮೆಯವನಲ್ವಾ, ಎಲ್ಲದರಲ್ಲೂ ಕೊಬ್ಬರಿ ಕಾಣ್ತಾನೆ ಅಂದುಕೊಂಡೆವು. ಆದರೆ ಅವನು ಹೇಳಿದ್ದು ಸರಿ. ಓಕ್ ಮರದಲ್ಲಿ, ಅದರಲ್ಲೂ ಅಮೆರಿಕನ್ ಓಕ್‌ನಲ್ಲಿ ಜಾಸ್ತಿ ಇರೋ ಒಂದು ಲ್ಯಾಕ್ಟೋನ್ ಕೊಬ್ಬರಿ ವಾಸನೆ ಕೊಡುತ್ತೆ. ರಸಾಯನಶಾಸ್ತ್ರಜ್ಞರು ಅದಕ್ಕೆ ವಿಸ್ಕಿ ಲ್ಯಾಕ್ಟೋನ್ ಅಂತಲೇ ಹೆಸರಿಟ್ಟಿದ್ದಾರೆ. ಹೊಳೆನರಸೀಪುರದವನಿಗೆ ಸಿಕ್ಕಿದ್ದು ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸೋ ಹೊತ್ತಿನ ಬೆಲ್ಲದ ಪಾಕ. ಪೀಪಾಯಿಯ ಒಳಮೈಯನ್ನ ಬೆಂಕಿಯಲ್ಲಿ ಸುಟ್ಟಾಗ ಮರದ ಸಕ್ಕರೆ ಅಂಶ ಕಂದಾಗುತ್ತೆ, ಅದರದ್ದು ಅದು. ಕಳಿತ ಬಾಳೆಹಣ್ಣು ಅನ್ನಿಸಿದರೆ ಹುದುಗುವಾಗ ಹುಟ್ಟಿದ ಎಸ್ಟರ್‌ಗಳು.

ಅರಕಲಗೂಡಿನವನು ಫ್ಯೂಷನ್ ಮೂಸಿ ‘ನಮ್ಮ ಬ್ಯಾರನ್ ಇದ್ದಂಗಿದೆ’ ಅಂದ. ರಾಮನಾಥಪುರದ ಸುತ್ತ ವರ್ಜೀನಿಯಾ ಹೊಗೆಸೊಪ್ಪು ಬೆಳೆಯೋರ ಮನೆ ಪಕ್ಕ ಇರೋ ಹದ ಮಾಡುವ ಕಟ್ಟಡ ಅದು. ಅಲ್ಲಿ ಸೌದೆಯ ಬಿಸಿ ಕೊಳವೆ ಮೂಲಕ ಹೋಗುತ್ತೆ, ಹೊಗೆ ಎಲೆಗೆ ತಾಕಬಾರದು. ಪೀಟ್ ವಿಸ್ಕಿಯಲ್ಲಿ ಉಲ್ಟಾ: ಜೌಗು ನೆಲದಲ್ಲಿ ಶತಮಾನಗಟ್ಟಲೆ ಕೊಳೆತ ಸಸ್ಯದ ಹೆಂಟೆ ಉರಿಸಿ, ಆ ಹೊಗೆಯನ್ನ ಬೇಕೂಂತಲೇ ಒದ್ದೆ ಬಾರ್ಲಿಗೆ ಹಿಡಿಸ್ತಾರೆ. ಫ್ಯೂಷನ್‌ನಲ್ಲಿ ಒಂದು ಪಾಲು ಹಾಗೆ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ, ಉಳಿದದ್ದು ನಮ್ಮ ದೇಶದ್ದು. ಹೆಸರಿನ ಅರ್ಥವೂ ಅದೇ.

ಕ್ರಮ ಸರಳ. ಗ್ಲಾಸಿಗೆ 30 ಎಂಎಲ್, ಐಸ್ ಬೇಡ. ಮೂಗನ್ನ ಗ್ಲಾಸಿನೊಳಗೆ ತೂರಿಸಬೇಡಿ, ಬಾಯಿ ಸ್ವಲ್ಪ ತೆರೆದು ಅಂಚಿನ ಮೇಲಿಂದ ಮೂಸಿ. ಮೊದಲ ಗುಟುಕು ಬರೀ ನಾಲಿಗೆ ಒಗ್ಗಿಸೋಕೆ. ಆಮೇಲೆ ಒಂದು ಚಮಚ ನೀರು ಹಾಕಿ ಮತ್ತೆ ಮೂಸಿ. ಖಾರ ಇಳಿದು ಅಡಗಿದ್ದು ಮೇಲೆ ಬರುತ್ತೆ. ನಾಟಿ ಕೋಳಿ ಸಾರು ಆಮೇಲೆ ಇರಲಿ. ಮೊದಲೇ ತಿಂದರೆ ಮೂಗಿನ ತುಂಬ ಮಸಾಲೆ.

ಯಾರೂ ವಿಮರ್ಶೆ ಬರೆಯದ ಪ್ಯಾಕೆಟ್ಟು

ಈಗ ಟೆಟ್ರಾ ಪ್ಯಾಕಿಗೆ ವಾಪಸ್. ಹಳ್ಳಿಗಳಲ್ಲಿ ವಿಸ್ಕಿ ಇಷ್ಟು ಹರಡಿದ್ದಕ್ಕೆ ಒಂದು ದಿನಾಂಕ ಇದೆ: 2007ರ ಜುಲೈ 1. ಅವತ್ತಿನಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಮುಖ್ಯಮಂತ್ರಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಮೂಲದ ಎಚ್.ಡಿ. ಕುಮಾರಸ್ವಾಮಿ, ಹಣಕಾಸು ಖಾತೆ ಯಡಿಯೂರಪ್ಪನವರದ್ದು. ಪ್ಯಾಕೆಟ್ ಸಾರಾಯಿ ಮನೆಗಳನ್ನ ಹಾಳು ಮಾಡಿತ್ತು, ಹೆಣ್ಣುಮಕ್ಕಳ ಬೇಡಿಕೆ ನ್ಯಾಯವಾಗಿತ್ತು. ಆದರೆ ಕುಡಿಯೋರು ಕುಡಿಯೋದು ಬಿಡಲಿಲ್ಲ, ಅಗ್ಗದ ವಿಸ್ಕಿ-ಬ್ರಾಂದಿ-ರಮ್ಮಿಗೆ ದಾಟಿದರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು ಅನ್ನೋದೇ, ಸಾರಾಯಿ ಹೋದ ಮೇಲೂ ಮನೆಯೊಳಗಿನ ಪರಿಸ್ಥಿತಿ ಏನಿತ್ತು ಅನ್ನೋದಕ್ಕೆ ಸಾಕ್ಷಿ.

ಸರ್ಕಾರಕ್ಕೆ ಮಾತ್ರ ಇದು ಲೆಕ್ಕ ಸರಿಹೋಗೋ ವ್ಯವಸ್ಥೆ. ಕುಡಿಯೋ ಮದ್ಯ ಜಿಎಸ್‌ಟಿ ಹೊರಗಿದೆ, ರಾಜ್ಯದ ಕೈಯಲ್ಲಿ ಉಳಿದಿರೋ ಕೆಲವೇ ತೆರಿಗೆಗಳಲ್ಲಿ ಇದೂ ಒಂದು. 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮದ ಗೋದಾಮಿನ ಮೂಲಕವೇ ಪ್ರತಿ ಬಾಕ್ಸೂ ಅಂಗಡಿಗೆ ಹೋಗಬೇಕು. ತಯಾರಕರು ಘೋಷಿಸೋ ಬೆಲೆ ಮೇಲೆ ಸ್ಲ್ಯಾಬ್, ಸ್ಲ್ಯಾಬ್ ಮೇಲೆ ಹೆಚ್ಚುವರಿ ಅಬಕಾರಿ ಸುಂಕ. 2025-26ರ ಬಜೆಟ್‌ನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ.

ಸುಂಕ ಹೇಗೆ ಓಡಾಡಿತು ನೋಡಿ. 2023ರ ಜುಲೈನಲ್ಲಿ ಸಿದ್ದರಾಮಯ್ಯನವರು ಎಲ್ಲ 18 ಸ್ಲ್ಯಾಬ್‌ಗಳ ಹೆಚ್ಚುವರಿ ಸುಂಕವನ್ನ 20% ಏರಿಸಿದರು. 2024ರ ಆಗಸ್ಟ್ ಕೊನೆಗೆ ಸ್ಲ್ಯಾಬ್‌ಗಳು 16 ಆದವು, ಪಕ್ಕದ ರಾಜ್ಯಗಳಿಗೆ ಸಮ ಮಾಡ್ತೀವಿ ಅಂತ ಪ್ರೀಮಿಯಂ ಬಾಟಲಿಗಳ ಬೆಲೆ ಇಳೀತು. 2025ರ ಮೇನಲ್ಲಿ ಕೆಳಗಿನ ನಾಲ್ಕು ಸ್ಲ್ಯಾಬ್‌ಗಳ ಸುಂಕ ಏರಿತು. ಅಂದರೆ ಹತ್ತು ತಿಂಗಳೊಳಗೆ ನನ್ನಂಥವನ ಬಾಟಲಿ ಅಗ್ಗವಾಯ್ತು, ಕೂಲಿ ಮುಗಿಸಿ ಬಂದವನ ಪ್ಯಾಕೆಟ್ ದುಬಾರಿಯಾಯ್ತು. ಮಾರಾಟದ ಬಹುಪಾಲು ಇರೋದೇ ಆ ಕೆಳಗಿನ ಸ್ಲ್ಯಾಬ್‌ಗಳಲ್ಲಿ. ದುಬಾರಿ ಮಾಡಿದರೆ ಕುಡಿತ ಕಮ್ಮಿಯಾಗುತ್ತೆ ಅನ್ನೋ ವಾದಕ್ಕೆ ಆಧಾರ ಇದೆ, ಒಪ್ತೀನಿ. ಹಾಗಾದರೆ ಮೇಲಿನವರಿಗೆ ಇಳಿಸಿದ್ದು ಯಾವ ವಾದದ ಮೇಲೆ?

2025ರ ಮಾರ್ಚ್‌ನಲ್ಲಿ ಪಕ್ಕದ ತುರುವೇಕೆರೆಯ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪ, ಹೆಂಗಸರಿಗೆ ಎರಡು ಸಾವಿರ ಕೊಡೋ ಸರ್ಕಾರ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಲಿ ಅಂತ ಸದನದಲ್ಲಿ ಕೇಳಿದರು. ಎಲ್ಲರೂ ಮೀಮ್ ಮಾಡಿದೆವು. ಮಾತು ಅಸಂಬದ್ಧವೇ. ಆದರೆ ಗ್ಯಾರಂಟಿಗಳಿಗೆ ಹಣ ಕೊಡೋರಲ್ಲಿ ಟೆಟ್ರಾ ಪ್ಯಾಕಿನವನೂ ಇದ್ದಾನೆ ಅನ್ನೋದನ್ನ ಆ ನಗುವಿನಲ್ಲಿ ಯಾರೂ ಚರ್ಚೆ ಮಾಡಲಿಲ್ಲ.

ಇನ್ನೊಂದು ಲೆಕ್ಕ ಪದೇ ಪದೇ ಬರೋದು ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದ. 2025ರ ಜುಲೈನಲ್ಲಿ ಸಹಿಯಾದ ಅದರ ಪ್ರಕಾರ ಸ್ಕಾಚ್ ಮೇಲಿನ 150% ಆಮದು ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಅರ್ಧ ಬೆಲೆಗೆ ಸಿಗುತ್ತೆ ಅಂತ ಕಾಯಬೇಡಿ. ರಾಜ್ಯದ ಸುಂಕ ಅದರ ಮೇಲೆ ಹಾಗೇ ಇರುತ್ತೆ.

ಕೊನೆಗೆ ದೇಹದ ಲೆಕ್ಕ

90 ಎಂಎಲ್ ಪ್ಯಾಕೆಟ್ಟಿನಲ್ಲಿ 42.8% ಅಂದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಫ್ಯೂಷನ್ 50% ಇರೋದರಿಂದ 60 ಎಂಎಲ್‌ಗೇ ಹತ್ತಿರ ಹತ್ತಿರ 24 ಗ್ರಾಂ. ಲಿವರ್‌ಗೆ ಕೊಬ್ಬರಿ ವಾಸನೆ ಗೊತ್ತಾಗಲ್ಲ, ಗ್ರಾಂ ಮಾತ್ರ ಗೊತ್ತಾಗುತ್ತೆ. ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ರಕ್ತದಲ್ಲಿ 100 ಎಂಎಲ್‌ಗೆ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185: ಮೊದಲ ಸಲ 10,000 ರೂಪಾಯಿ ತನಕ ದಂಡ, 6 ತಿಂಗಳ ತನಕ ಜೈಲು, ಅಥವಾ ಎರಡೂ. ಹಾಸನದಿಂದ ನಮ್ಮ ಮೂರೂ ಊರು ಮೂವತ್ತು-ನಲವತ್ತು ಕಿಲೋಮೀಟರ್ ದೂರ. ಚಾಪೆ ಅದಕ್ಕೇ.

ಅವತ್ತು ರಾತ್ರಿ ಟೆಟ್ರಾ ಪ್ಯಾಕಿನ ನೋಟ್ ಬರೆಯೋ ಕೆಲಸ ನನ್ನ ಪಾಲಿಗೆ ಬಿತ್ತು. ವಾಸನೆ ಅಂತ ಇರೋ ಕಡೆ ‘ಸ್ಪಿರಿಟ್’ ಅಂತ, ರುಚಿ ಅನ್ನೋ ಕಡೆ ‘ಸಿಹಿ, ಉರಿ’ ಅಂತ ಬರೆದೆ. ಕೊನೆಯ ಸಾಲಿಗೆ ಚನ್ನರಾಯಪಟ್ಟಣದವನು ಪೆನ್ನು ಕಿತ್ಕೊಂಡು ‘ಬೆಲೆ: ಮತ್ತೆ ಏರಿದೆ’ ಅಂತ ಸೇರಿಸಿದ.