ಬಡಗರೆನಾಡಿನಲ್ಲಿ ಚೋಳರ 112 ವರ್ಷ

ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಎಂದ ಕೂಡಲೇ ನೆನಪಾಗುವುದು ಕಾಳಿ ಎಂಬ ನಾಯಿ. ಹಂದಿಯ ಮೇಲೆ ಬಿದ್ದು, ಅದನ್ನೂ ಕೊಂದು ತಾನೂ ಸತ್ತ ಆ ನಾಯಿಗಾಗಿ ಮಣಲೇರ ಎಂಬ ವೀರ ಊರಿನ ಚಲ್ಲೇಶ್ವರ ಗುಡಿಯ ಬಳಿ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಅವನ ಕೈಗೆ ಬಂದದ್ದು ಒಂದು ಕಾಳಗದಿಂದ. 949ರ ಸುಮಾರಿಗೆ ತಕ್ಕೋಲದಲ್ಲಿ ಗಂಗರ ಇಮ್ಮಡಿ ಬೂತುಗ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ನಿಂತು ಚೋಳ ರಾಜಾದಿತ್ಯನನ್ನು ಕೊಂದ. ಅಲ್ಲಿ ಕಾದಿದ ಮಣಲೇರನನ್ನು ಮೆಚ್ಚಿ ಒಡೆಯ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿಯನ್ನು. ಅಂದಿನ ಆತಕೂರಿನಲ್ಲಿ ಚೋಳ ಎಂದರೆ ಸೋತವನು.

ಸುಮಾರು 55 ವರ್ಷಗಳಲ್ಲಿ ಎಲ್ಲವೂ ತಿರುಗುಮುರುಗಾಯಿತು. 1004ರ ಹೊತ್ತಿಗೆ ಚೋಳ ರಾಜರಾಜನ ಸೇನೆ ಗಂಗರ ರಾಜಧಾನಿ ತಲಕಾಡನ್ನು ಹಿಡಿದು ಗಂಗರ ಆಳ್ವಿಕೆಯನ್ನು ಮುಗಿಸಿತು. ಸುಮಾರು ಅರವತ್ತು ವರ್ಷಗಳ ಬಳಿಕ, 1066ರಲ್ಲಿ, ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಗೆದ್ದವರು ಅಲ್ಲಿ ಊರೂರಿನ ಲೆಕ್ಕ ಬರೆಸಿದ್ದನ್ನು, ಅರಮನೆಯ ಮಾತು ಫ್ರೆಂಚಾದದ್ದನ್ನು, ಈಲಿಯ ಜೌಗಿನಲ್ಲಿ ಅವರ ವಿರುದ್ಧ ಹೆರ್‌ವರ್ಡ್ ಸೆಣಸಿದ್ದನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲೇ ಓದಿದ್ದೇವೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ ಅದೇ ಶತಮಾನದಲ್ಲಿ ಪರರಾಜ್ಯದ ಕೆಳಗೆ ಹೇಗೆ ಬಾಳಿತು ಎಂಬುದನ್ನು ಮಾತ್ರ ಓದಲಿಲ್ಲ. ಅದಕ್ಕೆ ಆಕರ ಬೇಕಾದಷ್ಟಿದೆ. 1894ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವೊಂದನ್ನು ತೆರೆದರೂ ಆ ಕಾಲ ಕಣ್ಣಿಗೆ ಕಟ್ಟುತ್ತದೆ.

ಗೆದ್ದವರು ಮೊದಲು ಹೆಸರುಗಳ ಮೇಲೆ ಕೈಯಿಟ್ಟರು. ತಲಕಾಡು ರಾಜರಾಜಪುರವಾಯಿತು. ಗಂಗವಾಡಿಯ ದಕ್ಷಿಣ ಭಾಗ ಮುಡಿಗೊಂಡಚೋಳಮಂಡಲವಾಯಿತು. ನಾಡುಗಳ ಮೇಲೆ ವಳನಾಡು ಎಂಬ ಚೋಳರ ಆಡಳಿತ ವಿಭಾಗಗಳು ಬಂದವು. ಮಳವಳ್ಳಿಯ ಪಕ್ಕದ ಮಾರೇಹಳ್ಳಿಯಲ್ಲಿ ಇಂದು ನಾವು ಲಕ್ಷ್ಮೀನರಸಿಂಹನೆಂದು ಪೂಜಿಸುವ ದೇವರ ಗುಡಿಗೆ ರಾಜಾಶ್ರಯ ವಿಣ್ಣಗರ ಎಂಬ ಹೆಸರಿತ್ತು. ವಿಣ್ಣಗರ ಎಂದರೆ ವಿಷ್ಣುವಿನ ಗುಡಿ, ರಾಜಾಶ್ರಯ ಎಂಬುದು ರಾಜರಾಜನ ಬಿರುದು. ಆದರೆ ಈ ಹೆಸರುಗಳೆಲ್ಲ ಮೇಲುಮಟ್ಟದವು. ಮಳವಳ್ಳಿ ಸೀಮೆ ಕಾವೇರಿಯ ಬಡಗಣ ದಡದ ಬಡಗರೆನಾಡು. ತಮಿಳು ಶಾಸನದಲ್ಲಿ ಅದು ವಡಗರೈ ಆಯಿತು, ಅಷ್ಟೇ. ನಾಡಿನ ಹೆಸರನ್ನು ತಮ್ಮ ಉಚ್ಚಾರಕ್ಕೆ ಒಗ್ಗಿಸಿಕೊಂಡರೇ ಹೊರತು ಕಿತ್ತುಹಾಕಲಿಲ್ಲ. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ರಾಜಧಾನಿಯ ಹೆಸರನ್ನು ಆಜ್ಞೆಯಿಂದ ಬದಲಿಸಬಹುದು. ದನ ಮೇಯಿಸುವವನ ಬಾಯಲ್ಲಿರುವ ಹೆಸರನ್ನು ಹಾಗೆ ಬದಲಿಸಲಾಗದು.

ಹೊಸ ಒಡೆಯನ ಜೊತೆ ಸೇರಿಕೊಂಡವರೂ ಇದ್ದರು. ಪಣಸೋಗೆಯ ಕಾಳಗದಲ್ಲಿ ಚೋಳರ ಪರ ಹೋರಾಡಿದ ಮಣಿಜನಿಗೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಪಟ್ಟವೂ ಕೊಡಗಿನ ಮಾಲಂಬಿಯೂ ದೊರೆತವು. ಶ್ರೀರಂಗಪಟ್ಟಣದ ಬಳಿಯ ಬಲಮುರಿಯ 1012ರ ಶಾಸನದಲ್ಲಿ ಪಂಚವನ್ ಮಹಾರಾಯ ಗಂಗಮಂಡಲದ ಮಹಾದಂಡನಾಯಕನಾಗಿ ಕಾಣಿಸಿಕೊಳ್ಳುತ್ತಾನೆ. ಎದುರು ನಿಂತವರಲ್ಲಿ ಹೊಯ್ಸಳರು ಮೊದಲಿಗರು. ಆಗಿನ್ನೂ ಅವರು ಮಲೆನಾಡಿನ ಸಣ್ಣ ಪಾಳೆಯಗಾರರು. 1006ರ ಸುಮಾರಿಗೆ ತಲಕಾಡಿನ ಎದುರು ದಡದ ಕಲಿಯೂರಿನಲ್ಲಿ ಚೋಳ ಸೇನಾನಿ ಅಪ್ರಮೇಯ, ಹೊಯ್ಸಳ ಮಂತ್ರಿ ನಾಗಣ್ಣನನ್ನು ಸೋಲಿಸಿದ.

ಜನಸಾಮಾನ್ಯರ ಬಾಳು? ಅದು ಸಿಗುವುದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಚೆ, ಹೆಗ್ಗಡದೇವನಕೋಟೆಯ ಬೆಳತೂರಿನ 1057ರ ಕಲ್ಲಿನಲ್ಲಿ. ನುಗುನಾಡಿನ ರವಿಗನ ಮಗಳು ದೇಕಬ್ಬೆ, ಅವಳ ಗಂಡ ನವಿಲೆನಾಡಿನ ಏಚ. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ಒಬ್ಬ ಸತ್ತ. ಅರಸ ಏಚನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಸುದ್ದಿ ತಿಳಿದ ದೇಕಬ್ಬೆ, ಹೆತ್ತವರು ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿಗೆ ಬಿದ್ದಳು. ಕಲ್ಲಿನಲ್ಲಿ ರಾಜೇಂದ್ರಚೋಳನ ಹೆಸರಿದೆ, ಆಳ್ವಿಕೆ ಅವನದು. ಶೋಕವನ್ನು ಬರೆದವನು ಮಲ್ಲ ಎಂಬ ಕವಿ. ಬರೆದದ್ದು ಕನ್ನಡ ಪದ್ಯದಲ್ಲಿ. ಆ ಪದ್ಯಗಳನ್ನು ಓದುವಾಗ ಈಗಲೂ ಗಂಟಲು ಕಟ್ಟುತ್ತದೆ. ದಂಡನೆಯ ಅಧಿಕಾರ ತಲಕಾಡಿನಲ್ಲಿ ಕೂತವನ ಕೈಯಲ್ಲಿತ್ತು. ಆದರೆ ಸತ್ತವರನ್ನು ಯಾವ ಮಾತಿನಲ್ಲಿ ನೆನೆಯಬೇಕು ಎಂಬುದು ಊರಿನವರ ಕೈಯಲ್ಲೇ ಉಳಿಯಿತು. ಈ ನೂರು ವರ್ಷದ ಪ್ರತಿರೋಧವನ್ನು ಹುಡುಕುವವರು ಕೋಟೆ ಕಾಳಗಗಳ ಜೊತೆಗೆ ಇಂಥ ಕಲ್ಲುಗಳ ಮುಂದೆಯೂ ನಿಲ್ಲಬೇಕು.

ಈ ನಡುವೆ ಅಳಿಯದೆ ಉಳಿದ ಇನ್ನೊಂದು ಸಂಗತಿ ಎಂದರೆ ಗಂಗರ ನೆನಪು. ಹೊಯ್ಸಳ ವಿಷ್ಣುವರ್ಧನ ತನ್ನನ್ನು ವೀರಗಂಗ ಎಂದು ಕರೆದುಕೊಂಡ. ಅವನ ದಂಡನಾಯಕನ ಹೆಸರೇ ಗಂಗರಾಜ. 1116ರಲ್ಲಿ ಗಂಗರಾಜ ತಲಕಾಡಿನ ಬಾಗಿಲಿಗೆ ಬಂದು, ಚೋಳ ಕುಲೋತ್ತುಂಗನ ಪರವಾಗಿ ಆಳುತ್ತಿದ್ದ ಅದಿಯಮನನ್ನು ನಾಡು ಬಿಟ್ಟುಕೊಡು ಎಂದು ಕೇಳಿದ. ಕಾದಿ ತೆಗೆದುಕೋ ಎಂಬ ಉತ್ತರ ಬಂತು. ಕಾದಿಯೇ ತೆಗೆದುಕೊಂಡ. ಶ್ರವಣಬೆಳಗೊಳದ ಶಾಸನ ಇದನ್ನು ತಿಗುಳರನ್ನು, ಅಂದರೆ ತಮಿಳರನ್ನು, ಓಡಿಸಿ ವೀರಗಂಗನನ್ನು ನೆಟ್ಟಗೆ ನಿಲ್ಲಿಸಿದ ಕೆಲಸವೆಂದು ಹೊಗಳುತ್ತದೆ. ಅರಸ ಮೆಚ್ಚಿ ವರ ಕೇಳೆಂದಾಗ ಗಂಗರಾಜ ಕೇಳಿದ್ದು ತಿಪ್ಪೂರನ್ನು, ಅಂದರೆ ಇಂದಿನ ಮದ್ದೂರು ತಾಲ್ಲೂಕಿನ ಅರೆತಿಪ್ಪೂರನ್ನು. ಪಡೆದದ್ದನ್ನು ತಾನಿಟ್ಟುಕೊಳ್ಳದೆ ಜೈನ ಮುನಿ ಮೇಘಚಂದ್ರ ಸಿದ್ಧಾಂತದೇವರಿಗೆ ದಾನ ಬಿಟ್ಟ. ಅಲ್ಲಿನ 1117ರ ಶಾಸನ ಇದನ್ನೆಲ್ಲ ಹೇಳುತ್ತದೆ. ಅದನ್ನು ಓದುವಾಗ ಬಹುಮಾನ ಕೇಳಿದ ಮಣಲೇರ ನನಗೆ ನೆನಪಾಗುತ್ತಾನೆ.

ಇದನ್ನು ಕನ್ನಡಿಗರು ತಮಿಳರನ್ನು ಹೊರದಬ್ಬಿದ ಕಥೆಯಾಗಿ ಬರೆಯುವವರಿದ್ದಾರೆ. ಶಾಸನದ ತಿಗುಳ ಎಂಬ ಮಾತು ಅವರಿಗೆ ಸಾಕಾಗಿದೆ. ನಾನು ಒಪ್ಪುವುದಿಲ್ಲ. ಓಡಿಸಿದ್ದು ಚೋಳ ಸಾಮಂತರನ್ನು, ಮಾತನ್ನಲ್ಲ, ಒಕ್ಕಲನ್ನಲ್ಲ. ಹೊಯ್ಸಳರ ಕಾಲದಲ್ಲೂ ತೊಣ್ಣೂರಿನಲ್ಲಿ, ತಲಕಾಡಿನಲ್ಲಿ ತಮಿಳು ಶಾಸನಗಳು ಹುಟ್ಟುತ್ತಲೇ ಇದ್ದವು. ತಲಕಾಡಿನಲ್ಲಿ ಗೆಲುವಿಗಾಗಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ, ಹೊನ್ನಿನ ನಾಣ್ಯದ ಮೇಲೆ ತಲಕಾಡುಗೊಂಡ ಎಂಬ ಬಿರುದನ್ನು ಕನ್ನಡ ಅಕ್ಷರದಲ್ಲಿ ಒತ್ತಿಸಿದ ಅದೇ ವಿಷ್ಣುವರ್ಧನನ ರಾಜ್ಯದಲ್ಲಿ, ರಾಜರಾಜನ ಬಿರುದು ಹೊತ್ತ ಮಾರೇಹಳ್ಳಿಯ ಗುಡಿಯೂ ಉಳಿಯಿತು. ನರಸಿಂಹನಿಗೆ ಅಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ.