ಹಸು ಕೊಟ್ಟರು, ವಾರವಾರ ಮನೆಗೂ ಬಂದರು: ಕಡುಬಡತನ ಬಿಡಿಸಿದ ಮುರ್ಷಿದಾಬಾದ್ ಯೋಜನೆ ಏನು?

ಗೃಹಲಕ್ಷ್ಮಿ ಹಣ ಖಾತೆಗೆ ಬಿದ್ದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದಷ್ಟು ಹಳೇ ಬಾಕಿ ಚುಕ್ತಾ ಆಗುತ್ತೆ. 2023ರ ಆಗಸ್ಟ್ 30ರಂದು ಚಾಲನೆ ಸಿಕ್ಕ ಈ ಯೋಜನೆಯ ತಿಂಗಳ 2,000 ರೂಪಾಯಿ ಸಂಸಾರಕ್ಕೆ ದೊಡ್ಡ ಆಸರೆ. ಆದರೆ ಕೂಲಿ ತಪ್ಪಿದರೆ ಒಲೆ ಹೊತ್ತದ ಮನೆಗಳು ಬಡತನದಿಂದ ಪೂರ್ತಿ ಹೊರಬರೋಕೆ ಏನು ಬೇಕು? ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಇದಕ್ಕೊಂದು ಉತ್ತರ ಸಿಕ್ಕಿದೆ.

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿದ ಪದ್ಧತಿಯನ್ನು ಇಲ್ಲಿಗೆ ತಂದದ್ದು ಬಂಧನ್ ಸಂಸ್ಥೆ. ತೀರಾ ಬಡವರು ಯಾರು ಅನ್ನೋದನ್ನು ಊರವರನ್ನೇ ಕೂರಿಸಿ ಗುರುತಿಸಿದರು. ಮಹಿಳೆಯರಿಗೆ ಕೊಟ್ಟದ್ದು ನಗದಲ್ಲ; ಹಸು, ಆಡು ಇಲ್ಲವೇ ಸಣ್ಣ ವ್ಯಾಪಾರಕ್ಕೆ ಸರಕು. ಹೊಟ್ಟೆಪಾಡಿಗೆ ಆಡು ಮಾರಿಬಿಡಬಾರದಲ್ಲ, ಅದಕ್ಕೆ ಕೆಲವು ತಿಂಗಳು ವಾರದ ಭತ್ಯೆ. ಸಿಬ್ಬಂದಿ 18 ತಿಂಗಳು ವಾರಕ್ಕೊಮ್ಮೆ ಮನೆಗೆ ಬಂದು ಸಾಕಣೆ, ಉಳಿತಾಯ ಹೇಳಿಕೊಟ್ಟರು. ಇಷ್ಟಾದರೂ ಸುಮಾರು ಅರ್ಧದಷ್ಟು ಮಂದಿ ಬೇಡ ಅಂದಿದ್ದರು!

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ (2019ರ ನೊಬೆಲ್ ವಿಜೇತರು) ಮತ್ತು ಸಂಗಡಿಗರು ಯೋಜನೆ ಸಿಕ್ಕ, ಸಿಗದ ಬಡ ಕುಟುಂಬಗಳನ್ನು 10 ವರ್ಷ ಹೋಲಿಸಿ ನೋಡಿದರು. ಊಟ, ಖರ್ಚು, ಆದಾಯದಲ್ಲಿ ಇಬ್ಬರ ನಡುವಿನ ಅಂತರ ಏಳನೇ ವರ್ಷದವರೆಗೂ ಹೆಚ್ಚುತ್ತಾ ಹೋಯಿತು, ಹತ್ತನೇ ವರ್ಷದಲ್ಲೂ ಕರಗಲಿಲ್ಲ. ದನಕರುವಿನ ದುಡ್ಡಲ್ಲಿ ವ್ಯಾಪಾರ ಹೂಡಿದ್ದರು. ಪರಊರಿಗೆ ದುಡಿಯಲು ಹೋದ ಮನೆಮಂದಿ ಹಣ ಕಳಿಸುತ್ತಿದ್ದರು.

ಬಿಹಾರ ಸರ್ಕಾರ 2018ರಲ್ಲಿ ‘ಸತತ್ ಜೀವಿಕೋಪಾರ್ಜನ್ ಯೋಜನೆ’ ಹೆಸರಲ್ಲಿ ಇದೇ ದಾರಿ ಹಿಡಿಯಿತು. 2016ರ ಪಾನನಿಷೇಧದಿಂದ ಹೆಂಡ, ಸಾರಾಯಿ ಕಸುಬು ನಿಂತುಹೋದ ಬಡ ಕುಟುಂಬಗಳನ್ನೂ ಅದರಲ್ಲಿ ಸೇರಿಸಿದೆ.