ಒಂದು ಮೈಲಿಯ ಮೈಸೂರು ರೈಲು

ಮೀಟರ್ ಎಂಬ ಅಳತೆ ನಮ್ಮ ನಾಡಿಗೆ ಜವಳಿ ಅಂಗಡಿಯ ಮೂಲಕ ಬಂದಿತೆಂದು ಅನೇಕರ ನಂಬಿಕೆ. ಅಂಗಡಿಯಲ್ಲಿ ಗಜ ಹೋಗಿ ಮೀಟರು ಕುಳಿತದ್ದು 1956ರ ಶಾಸನದ ತರುವಾಯ. ಆದರೆ ಅದಕ್ಕೂ ಮುಕ್ಕಾಲು ಶತಮಾನ ಮೊದಲೇ ಅದು ರೈಲುಹಳಿಯಾಗಿ ನಮ್ಮ ಹೊಲಗಳ ನಡುವೆ ಮಲಗಿತ್ತು. 1870ರಲ್ಲಿ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ, ಐದೂವರೆ ಅಡಿ ಅಗಲದ ಹಳಿಗಳು ದುಬಾರಿಯೆಂದು, ಕಡಿಮೆ ವೆಚ್ಚದ ಮಾರ್ಗಗಳಿಗೆ ಒಂದು ಮೀಟರು ಅಗಲವನ್ನು ಗೊತ್ತುಮಾಡಿದರು. ದಶಮಾನ ಪದ್ಧತಿ ಬೇಗನೆ ಈ ದೇಶಕ್ಕೆ ಬಂದೀತೆಂಬುದು ಅಂದಿನ ಸರ್ಕಾರದ ಎಣಿಕೆ. ಅದು ಬರಲಿಲ್ಲ, ಹಳಿ ಮಾತ್ರ ಬಂದಿತು. ಬಡಗಿಗಳ ಲೆಕ್ಕದಲ್ಲಿ ಮೂರಡಿ ಮೂರಂಗುಲ ಮೂರು ನೂಲು!

ಕೇಳುಗ ಮಿತ್ರರೆ, ಸಾಹಿತ್ಯ ಪಾಠ ಹೇಳಿ ನಿವೃತ್ತನಾದವನಿಗೆ ಹಳಿಯ ಅಗಲದ ಗೊಡವೆಯೇಕೆ ಎಂದು ನೀವು ಕೇಳಬಹುದು. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಆಚೀಚೆ ಹಬ್ಬಿರುವ ಶ್ರೀಗಂಧದ ಕಾವಲಿನಲ್ಲಿ ನನ್ನ ಮನೆ. ಕಾವಲೆಂದರೆ ದನ ಮೇಯಲು ಕಾಯ್ದಿರಿಸಿದ ಹುಲ್ಲುನೆಲ. ಈಗ ಅಲ್ಲಿ ಗಂಧವೂ ಇಲ್ಲ, ಹುಲ್ಲೂ ಇಲ್ಲ, ಹೆಸರೊಂದಿದೆ. ಮನೆಯ ಹಿಂದಣ ತಗಡಿನ ಶೆಡ್ಡಿನಲ್ಲಿ, ಲೋಕೋ ಶೆಡ್ಡಿನ ಕೆಲಸದಿಂದ ನಿವೃತ್ತರಾದ ನೆರೆಮನೆಯ ಹಿರಿಯರೊಬ್ಬರೂ ನಾನೂ ಕೂಡಿ ಹಳೆಯ ಬೆಂಗಳೂರು–ಮೈಸೂರು ಮಾರ್ಗದ ಒಂದು ಪುಟ್ಟ ಪ್ರತಿಕೃತಿಯನ್ನು ಕಟ್ಟುತ್ತಿದ್ದೇವೆ.

ಇಂಥ ಹವ್ಯಾಸ ಯೂರೋಪಿನಲ್ಲಿ ಹಳೆಯದು. ಜರ್ಮನಿಯ ಮಾರ್ಕ್ಲಿನ್ ಕಂಪೆನಿ 1891ರಲ್ಲಿಯೇ ಆಟಿಕೆ ರೈಲಿನ ಹಳಿಗಳಿಗೆ ನಿಯತವಾದ ಅಳತೆಗಳನ್ನು ತಂದಿತು. ಮೆಕ್ಯಾನೊ ಖ್ಯಾತಿಯ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲನ್ನು ಮಾರತೊಡಗಿದ. ನಮ್ಮ ದೇಶದಲ್ಲಿ ಗ್ವಾಲಿಯರ್ ಮಹಾರಾಜರ ಭೋಜನದ ಮೇಜಿನ ಮೇಲೆ ಬೆಳ್ಳಿಯ ರೈಲೊಂದು ಅತಿಥಿಗಳಿಗೆ ಪಾನೀಯವನ್ನೂ ಸಿಗಾರನ್ನೂ ಹೊತ್ತು ತಿರುಗುತ್ತಿತ್ತು. ಅದು ದೊರೆಗಳ ಆಟ, ನಮಗೆ ದೂರ.

ಪ್ರತಿಕೃತಿ ಕಟ್ಟುವವನ ಮೊದಲ ಪ್ರಶ್ನೆ ಅಳತೆಯದು. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ ಒಂದು. ಆ ಲೆಕ್ಕದಲ್ಲಿ ಮೀಟರ್ ಗೇಜಿನ ಹಳಿ ಹನ್ನೊಂದೂವರೆ ಮಿಲಿಮೀಟರು. ಸ್ವಿಟ್ಸರ್ಲೆಂಡಿನ ಗುಡ್ಡಗಾಡು ರೈಲುಗಳೂ ಮೀಟರ್ ಗೇಜಾದ್ದರಿಂದ ಅವುಗಳ ಮಾದರಿಗಾಗಿ 12 ಮಿಲಿಮೀಟರಿನ ಹಳಿ ಸಿಗುತ್ತದೆ. ಕೂದಲೆಳೆಯ ವ್ಯತ್ಯಾಸ, ಕ್ಷಮ್ಯ. ಇನ್ನು ಉದ್ದ. ಬೆಂಗಳೂರಿಂದ ಮೈಸೂರಿಗೆ ರೈಲುದಾರಿ 86 ಮೈಲಿ. 87ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಒಂದೇ ಮೈಲಿ! ಅಷ್ಟನ್ನೂ ಕಟ್ಟಲು ಮಾಗಡಿ ರಸ್ತೆಯುದ್ದಕ್ಕೂ ಶೆಡ್ಡು ಹಾಕಬೇಕು. ನಮ್ಮದು 20 ಅಡಿ. ಅಂದರೆ ನಿಜದಾರಿಯ ಮೈಲಿಯ ಮೂರನೆಯ ಒಂದು ಪಾಲು. ತಿರುವಿನ ತ್ರಿಜ್ಯ ಎರಡಡಿ. ನಿಜದ ರೈಲಿಗೆ 174 ಅಡಿಯ ಅಂಥ ತಿರುವು ಕೊಟ್ಟರೆ ಗಾಡಿ ಕಬ್ಬಿನ ಗದ್ದೆಗೆ ಇಳಿದೀತು.

ಆದುದರಿಂದ ಆರಿಸಿಕೊಳ್ಳಲೇಬೇಕು. ಕೆಂಗೇರಿ ಬಿಟ್ಟಿತು, ರಾಮನಗರದ ಬಂಡೆಗಳು ಬಿಟ್ಟವು, ಶ್ರೀರಂಗಪಟ್ಟಣದ ಕೋಟೆಯೂ ಬಿಟ್ಟಿತು. (ಅಲ್ಲಿ ಜೋಡಿಹಳಿ ಹಾಕುವ ಸಲುವಾಗಿ 2017ರಲ್ಲಿ ಟಿಪ್ಪುವಿನ ಮದ್ದಿನ ಮನೆಯೊಂದನ್ನು ಇಡಿಯಾಗಿ ಎತ್ತಿ ಬೇರೆಡೆ ಸರಿಸಿದರು, ನಿಜದ ಲೋಕವೂ ಒಮ್ಮೊಮ್ಮೆ ಪ್ರತಿಕೃತಿಯಂತೆ ನಡೆದುಕೊಳ್ಳುತ್ತದೆ.) ಉಳಿದದ್ದು ಮದ್ದೂರು: ನಿಲ್ದಾಣ, ಶಿಂಷಾ ಹೊಳೆ, ವಡೆಯ ತಟ್ಟೆ ಹೊತ್ತ ಒಬ್ಬಾತ.

ಯಾವ ಕಾಲದ ಮದ್ದೂರು ಎಂಬುದರಲ್ಲಿ ನಮಗಿಬ್ಬರಿಗೂ ಜಗಳ ಬಂದಿತು. ಹಿರಿಯರಿಗೆ ಬೇಕಾದುದು ತಾವು ಕೈಯಾರೆ ಎಣ್ಣೆ ಹಾಕಿದ ವೈ.ಪಿ. ಎಂಜಿನು: ಮುಂದೆ ನಾಲ್ಕು, ನಡುವೆ ಆರು, ಹಿಂದೆ ಎರಡು ಗಾಲಿ. ಅದರ ಮೈಯನ್ನು ಅವರೇ ಹಿತ್ತಾಳೆ ತಗಡಿನಲ್ಲಿ ಬೆಸೆದರು. ನನಗೆ ಬೇಕಾದುದು 1881.

ಏಕೆಂದರೆ ಈ ದಾರಿ ಹುಟ್ಟಿದ್ದು ಹಸಿವಿನಿಂದ. 1876ರಿಂದ 78ರ ಮಹಾಕ್ಷಾಮದಲ್ಲಿ ಧಾನ್ಯ ಮದರಾಸಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು; 1864ರಲ್ಲಿಯೇ ಅಲ್ಲಿಗೆ ಹಳಿ ಬಂದಿತ್ತು. ಅಲ್ಲಿಂದಾಚೆಗೆ ಎತ್ತಿನ ಗಾಡಿ. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಮೈಸೂರು ದಾರಿಯ ಮಣ್ಣಿನ ಏರಿಯ ಕೆಲಸವನ್ನು ಕ್ಷಾಮ ಪರಿಹಾರವೆಂದು ಎತ್ತಿಕೊಂಡರು. 1881ರ ಮಾರ್ಚಿಯಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಶಾಲೆಯ ಪುಸ್ತಕದಲ್ಲಿ ಇವೆರಡೂ ಶುಭವಾರ್ತೆಗಳು. ಏರಿಗೆ ಮಣ್ಣು ಹೊತ್ತವರ ಸುದ್ದಿ ಅಲ್ಲಿ ಒಂದು ಸಾಲಿಗೆ ಮೀರದು.

ಕೊನೆಗೆ ರಾಜಿಯಾಯಿತು. ನಿಲ್ದಾಣ ಹಿರಿಯರದು, ಹೊಳೆಯಾಚೆಯ ನಾಲ್ಕಡಿ ನನ್ನದು. ಅಲ್ಲಿ ಹಳಿಯಿಲ್ಲ, ಅರ್ಧ ಎದ್ದ ಏರಿಯಿದೆ. ವಿದೇಶಗಳಿಂದ ಬರುವ ಪುಟ್ಟ ಬೊಂಬೆಗಳಲ್ಲಿ ಟೋಪಿಯ ಗಾರ್ಡು, ಪೆಟ್ಟಿಗೆ ಹಿಡಿದ ಪ್ರಯಾಣಿಕರು ಸಿಗುತ್ತಾರೆ; ಕೂಲಿಗೆ ಬಂದ ಕ್ಷಾಮಪೀಡಿತರನ್ನು ಯಾವ ಕಂಪೆನಿಯೂ ಮಾಡುವುದಿಲ್ಲ. ತಂತಿಗೆ ಮೇಣ ಮೆತ್ತಿ ನಾನೇ ಮಾಡಿದೆ. ಆಳಿನ ಎತ್ತರ 18 ಮಿಲಿಮೀಟರು, ತಲೆ ಸಾಸಿವೆ ಕಾಳು. ಅಷ್ಟು ಎತ್ತರದಲ್ಲಿ ಹಸಿವನ್ನು ತೋರಿಸುವುದು ಹೇಗೆ? ತಂತಿಯನ್ನು ಸಣ್ಣದು ಮಾಡಿ ನೋಡಿದೆ, ಬೆನ್ನು ಬಾಗಿಸಿ ನೋಡಿದೆ. ಮಂಕರಿ ಹೊತ್ತ ಯಾವುದೇ ಕಾಲದ ಕೂಲಿಯವರಂತೆಯೇ ಕಾಣುತ್ತಾರೆ. ರೈಲು ಓಡುವಾಗ ದಾರಿ ಕಟ್ಟುತ್ತಿರುವವರು ಇರುವುದು ಕಾಲವಿರೋಧವೆಂದು ಹಿರಿಯರು ಇಂದಿಗೂ ಗೊಣಗುತ್ತಾರೆ. ಅವರ ಮಾತು ಸರಿಯೆ. ಆದರೆ ಬೀದಿಯ ಮಕ್ಕಳು ಬಂದರೆ ಎಂಜಿನನ್ನು ಎರಡು ಸುತ್ತು ನೋಡಿ, ಆಮೇಲೆ ಕೇಳುವುದು ಒಂದೇ: “ತಾತ, ಅವರು ಯಾರು?”

ಶೆಡ್ಡಿನ ಉಳಿದ ಕಷ್ಟಗಳು ಸಾಮಾನ್ಯವಾದವು. ಎರಡು ಹಳಿಗಳ ಮೂಲಕ 12 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಧ್ರುವ ಬದಲಿಸಿದರೆ ಗಾಡಿ ಹಿಂದಕ್ಕೆ. ಹಳಿಯ ಮೇಲೆ ಧೂಳು ಕುಳಿತರೆ ನಿಲ್ಲುತ್ತದೆ. ಮಾರ್ಚಿ ಬಂದಿತೆಂದರೆ ತಗಡಿನ ಕಾವಿಗೆ ಹಳಿ ಹಿಗ್ಗಿ ಹಾವಿನಂತೆ ಡೊಂಕಾಗುತ್ತದೆ. ಅದಕ್ಕೆಂದು ಅಲ್ಲಲ್ಲಿ ಸಂದು ಬಿಡಬೇಕು, ದೊಡ್ಡ ರೈಲಿನಲ್ಲಿ ಬಿಡುತ್ತಿದ್ದಂತೆಯೇ. ಒಣಗಿಸಿದ ಚಹಾ ಚರಟ ಒಳ್ಳೆಯ ಹೊಲದ ಮಣ್ಣಾಗುತ್ತದೆ.

ನಿಜದ ಮೀಟರ್ ಗೇಜು 1990ರ ದಶಕದಲ್ಲಿ ಈ ದಾರಿಯಿಂದ ಮರೆಯಾಯಿತು. ಈಗ ಕರ್ನಾಟಕದಲ್ಲೆಲ್ಲೂ ಅದು ಓಡುವುದಿಲ್ಲ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಗಾಡಿಯನ್ನು ನೋಡಬಹುದು. ಮಂಚ, ಅಡುಗೆಮನೆ ಎಲ್ಲವೂ ಇವೆ. ಮಣ್ಣಿನ ಮಂಕರಿ ಯಾವ ಸಂಗ್ರಹಾಲಯಕ್ಕೂ ಬರಲಿಲ್ಲ. ನನ್ನ ಏರಿಯ ಮೇಲೆ ಸದ್ಯಕ್ಕೆ 23 ಮಂದಿ ಇದ್ದಾರೆ. ಹಿರಿಯರು ಮೊನ್ನೆ, ಏನೂ ಹೇಳದೆ, ಹಿತ್ತಾಳೆಯ ಚೂರಿನಿಂದ ನಾಲ್ಕು ಗುದ್ದಲಿ ಮಾಡಿಕೊಟ್ಟರು.